ರಕ್ತ ಹೋದ ಮಗುವು ಸುಮ್ಮನಾದಾಗ

ಕುಡುಗೋಲು ತಗಲಿಯೋ ಮರದಿಂದ ಬಿದ್ದೋ ಗಾಯಗೊಂಡ ಮಗುವು ಗಟ್ಟಿಯಾಗಿ ಅಳುವಾಗ ಮನೆಯವರು ಗಾಬರಿಗೊಳ್ಳುತ್ತಾರೆ. ಅಳು ನಿಲ್ಲಿಸಿ ಸುಮ್ಮನೆ ಮಲಗಿದರೆ ನೋವು ತಗ್ಗಿತೆಂದು ಸಮಾಧಾನಪಡುತ್ತಾರೆ. ಬಹಳ ರಕ್ತ ಹೋದ ಮಗುವಿನ ವಿಷಯದಲ್ಲಿ ಈ ಸಮಾಧಾನವು ಅಪಾಯಕರವಾದದ್ದು. ಆದಕಾರಣ ಈ ಪಾಠದಲ್ಲಿ ಅದನ್ನು ವಿಚಾರಿಸೋಣ.

ಪ್ರಾಣವು ರಕ್ತದಲ್ಲಿರುವದೆಂದು ಯಾಜಕಕಾಂಡದ 17ನೆಯ ಅಧ್ಯಾಯದಿಂದ ನಾವು ಬಲ್ಲೆವು. ಮಕ್ಕಳಲ್ಲಿ ಈ ರಕ್ತವು ಸ್ವಲ್ಪವೇ. 10 ಕಿಲೋ ತೂಗುವ ಕೂಸಿನಲ್ಲಿ ಸುಮಾರು 800 ಮಿಲಿಲೀಟರು ಮಾತ್ರ ಇರುವದು. ಒಂದು ಲೋಟ, ಅಂದರೆ 200 ಮಿಲಿಲೀಟರು ಹೋದರೆ ಕಾಲುಭಾಗವೇ ಹೋದಂತಾಯಿತು. ಹೀಗೆ ಅವಯವಗಳಿಗೆ ಸಾಕಷ್ಟು ರಕ್ತವು ಮುಟ್ಟದಿರುವ ಸ್ಥಿತಿಗೆ ವೈದ್ಯರು ಷಾಕ್ ಎನ್ನುತ್ತಾರೆ. ಮಗುವಿನ ಶರೀರವು ರಕ್ತನಾಳಗಳನ್ನು ಬಿಗಿಹಿಡಿದು, ಹೃದಯವನ್ನು ವೇಗವಾಗಿ ಬಡಿಸಿ, ರಕ್ತದೊತ್ತಡವನ್ನು ಕಾಪಾಡಿಕೊಳ್ಳುವದು. ಶಕ್ತಿ ಮೀರಿದಾಗ ಒತ್ತಡವು ಒಮ್ಮೆಲೇ ಕುಸಿಯುವದು. ಅದಕ್ಕೆ ಮುಂಚೆಯೇ ನಾವು ಗುರುತುಗಳನ್ನು ತಿಳಿಯಬೇಕು.

ಆ ಗುರುತುಗಳು ಯಾವವೆಂದರೆ: ಮೈ ಬಿಳಿಚುವದು, ಕೈಕಾಲು ತಣ್ಣಗಾಗುವದು, ನಾಡಿಯೂ ಉಸಿರೂ ತ್ವರೆಯಾಗುವದು, ಮಂಕು ಕವಿಯುವದು. ಬೆರಳ ತುದಿಯನ್ನು 5 ಸೆಕೆಂಡು ಒತ್ತಿ ಬಿಟ್ಟ ಮೇಲೆ ಬಣ್ಣವು 3 ಸೆಕೆಂಡಿನೊಳಗೆ ಮರಳದಿದ್ದರೆ ಅದೂ ಒಂದು ಗುರುತು. ಬಿದ್ದ ಮಗುವಿಗೆ ಹೊರಗೆ ಗಾಯವಿಲ್ಲದಿದ್ದರೂ ಹೊಟ್ಟೆಯೊಳಗೆ ರಕ್ತವು ಸುರಿಯುತ್ತಿರಬಹುದು.

ಮಾಡತಕ್ಕದ್ದೇನು? ಶುದ್ಧ ಬಟ್ಟೆಯನ್ನು ಗಾಯದ ಮೇಲಿಟ್ಟು ಬಲವಾಗಿ ಒತ್ತಿ ಹಿಡಿಯಬೇಕು. ನೋಡುವದಕ್ಕಾಗಿ ಅದನ್ನು ಎತ್ತಬಾರದು. ನೆನೆದರೆ ಮೇಲೆ ಇನ್ನೊಂದನ್ನು ಇಡಬೇಕು. ಕಾಫಿಪುಡಿ, ಅರಿಸಿನ, ಬೂದಿ ಹಾಕಬಾರದು. ಮಗುವನ್ನು ಮಲಗಿಸಿ ಕಂಬಳಿ ಹೊದಿಸಬೇಕು; ಯಾಕಂದರೆ ಮೈ ತಣ್ಣಗಾದರೆ ರಕ್ತವು ಹೆಪ್ಪುಗಟ್ಟುವ ಶಕ್ತಿಯು ಕುಂದುವದು. ತಿನ್ನಲಿಕ್ಕೂ ಕುಡಿಯಲಿಕ್ಕೂ ಕೊಡದೆ, ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ರಕ್ತನಾಳವು ಸಿಕ್ಕದಿದ್ದರೆ ವೈದ್ಯರು ಮೊಣಕಾಲಿನ ಕೆಳಗಣ ಎಲುಬಿಗೆ ಸೂಜಿ ಹಾಕಿ ದ್ರವವನ್ನೂ ರಕ್ತವನ್ನೂ ಕೊಡುವದುಂಟು. ತಂದೆತಾಯಿಗಳು ಅದನ್ನು ಕಂಡು ಅಂಜಿ ಅಡ್ಡಿಮಾಡದಿರಲಿ.

ಲೂಕನ ಸುವಾರ್ತೆಯ 10ನೆಯ ಅಧ್ಯಾಯದ ಸಮಾರ್ಯದವನು ಗಾಯವನ್ನು ಕಟ್ಟಿ ಅಷ್ಟಕ್ಕೇ ಬಿಡಲಿಲ್ಲ. ಗಾಯಪಟ್ಟವನನ್ನು ಛತ್ರಕ್ಕೆ ಸಾಗಿಸಿ ತನ್ನ ಹಣವನ್ನೂ ಕೊಟ್ಟನು. ಆಸ್ಪತ್ರೆಯಲ್ಲಿ ರಕ್ತವು ಸಿದ್ಧವಾಗಿರಬೇಕಾದರೆ ಯಾರಾದರೊಬ್ಬರು ಮುಂಚಿತವಾಗಿ ಕೊಟ್ಟಿರಬೇಕಲ್ಲವೇ? 18ರಿಂದ 65 ವರುಷದೊಳಗಿನವರೂ 45 ಕಿಲೋಗೆ ಕಡಿಮೆಯಿಲ್ಲದವರೂ ಆದ ಆರೋಗ್ಯವಂತರು ರಕ್ತದಾನಕ್ಕೆ ಮುಂದೆ ಬರಬಹುದು. ಅಂಥವರು ನಮ್ಮ ನಮ್ಮ ಸಭೆಗಳಲ್ಲಿ ಎಷ್ಟು ಮಂದಿ ಇದ್ದಾರೆಂಬದನ್ನು ಹಿರಿಯರು ಈ ತಿಂಗಳಲ್ಲಿಯೇ ವಿಚಾರಿಸಲಿ.