ಆರೋಗ್ಯ ಪ್ರಶ್ನೋತ್ತರ: ಮೌಸು, ಮಣಿಕಟ್ಟು, ಮಧುಮೇಹ

ಈಚೆಗೆ ಬರುವ ಪತ್ರಗಳಲ್ಲಿ ಜ್ವರ ಕೆಮ್ಮುಗಳಿಗಿಂತ ಗೇಮಿಂಗ್ ಮೌಸಿನ ವಿಚಾರವೇ ಅಧಿಕವಾಗಿರುವುದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ನಾನು ಕೈಗಳನ್ನು ನೋಡುವ ವೈದ್ಯನೇ ಹೊರತು ಮೌಸುಗಳನ್ನು ಮಾರುವವನಲ್ಲ. ಆದರೂ ರೋಗಿಗಳು ತಂದು ಮೇಜಿನ ಮೇಲಿಡುವ ಮೌಸುಗಳನ್ನು ಹಿಡಿದು, ತಿರುವಿ, ತೂಗಿ ನೋಡುವ ಅಭ್ಯಾಸ ನನಗುಂಟು.

ಪ್ರಶ್ನೆ: ರಾಣೇಬೆನ್ನೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ, ವಯಸ್ಸು 19. ರಾತ್ರಿ ಗೆಳೆಯರ ಜೊತೆ ವ್ಯಾಲೊರಂಟ್ ಆಡುತ್ತೇನೆ. ಎರಡು ತಿಂಗಳಿಂದ ಬಲ ಮಣಿಕಟ್ಟು ನೋಯುತ್ತಿದೆ. ಗೇಮಿಂಗ್ ಮೌಸ್ ಕೊಂಡರೆ ನೋವು ಹೋಗುತ್ತದೆಯೇ? ಎರಡು ಸಾವಿರದ ಆಸುಪಾಸಿನಲ್ಲಿ ಯಾವುದು ಒಳ್ಳೆಯದು? ಡಿಪಿಐ ಎಷ್ಟಿರಬೇಕು?

ಉತ್ತರ: ತಮ್ಮಾ, ಮೊದಲು ಕೈಯನ್ನು ಅಳೆ, ಮೌಸಿನ ಮಾತು ಆಮೇಲೆ. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಅಳತೆಪಟ್ಟಿಯನ್ನಿಟ್ಟು ನೋಡಿದಾಗ 17 ಸೆಂಟಿಮೀಟರಿಗೆ ಒಳಗಿದ್ದರೆ ಅದು ಚಿಕ್ಕ ಕೈಯೆಂದೂ, 19 ದಾಟಿದರೆ ದೊಡ್ಡದೆಂದೂ ಸ್ಥೂಲವಾಗಿ ಎಣಿಸಬಹುದು. ಅಂಗೈಯನ್ನು ಪೂರ್ತಿಯಾಗಿ ಮೌಸಿನ ಬೆನ್ನಿಗೆ ಒರಗಿಸಿ ಬೆರಳುಗಳನ್ನು ನೀಡಿ ಆಡುವ ಪಾಮ್ ಗ್ರಿಪ್ಪಿನಲ್ಲಿ ಚಲನೆ ಮುಂಗೈಯಿಂದ ಹುಟ್ಟುವ ಕಾರಣ ಮಣಿಕಟ್ಟಿಗೆ ವಿಶ್ರಾಂತಿ ದೊರೆಯುತ್ತದೆ. ಅಂಗೈಯ ಬುಡವನ್ನಷ್ಟೇ ತಾಗಿಸಿ ಬೆರಳುಗಳನ್ನು ಗಿಡುಗನ ಉಗುರಿನಂತೆ ಬಾಗಿಸುವ ಕ್ಲಾ ಗ್ರಿಪ್ಪಿನಲ್ಲಿ ಕ್ಲಿಕ್ಕು ಚುರುಕಾಗುತ್ತದೆ, ಬೆರಳ ಸ್ನಾಯುಗಳು ಮಾತ್ರ ಸದಾ ಬಿಗಿದೇ ಇರುತ್ತವೆ. ಬೆರಳ ತುದಿಗಳಲ್ಲಿ ಮಾತ್ರ ಹಿಡಿದು ಆಡುವ ಮೂರನೆಯ ರೀತಿಯು ಸೂಕ್ಷ್ಮವಾದ ಗುರಿಗೆ ಅನುಕೂಲವಾದರೂ, ಅಂಗೈಯೊಳಗಿನ ಕಿರುಸ್ನಾಯುಗಳು ಬಲುಬೇಗ ಬಳಲುವುದರಿಂದ ಅದಕ್ಕೆ ಚಿಕ್ಕದೂ ಹಗುರವೂ ಆದ ಮೌಸೇ ಬೇಕು.

ನಿನ್ನ ಹಣಕ್ಕೆ ನಿಲುಕುವವುಗಳಲ್ಲಿ ಲಾಜಿಟೆಕ್ ಜಿ102 ಎಂಬುದು 116.6 ಮಿಲಿಮೀಟರ್ ಉದ್ದ, 85 ಗ್ರಾಂ ತೂಕ. ಚಿಕ್ಕ ಮತ್ತು ನಡುಗಾತ್ರದ ಕೈಯವರು ಬೆರಳು ಬಾಗಿಸಿ ಹಿಡಿಯುವುದಕ್ಕೆ ಒಪ್ಪುತ್ತದೆ. ರೇಜರ್ ಡೆತ್‌ಆಡರ್ ಎಸೆನ್ಷಿಯಲ್ 127 ಮಿಲಿಮೀಟರ್, 96 ಗ್ರಾಂ. ಅದರ ಬೆನ್ನು ಬಲಗೈಯ ಅಂಗೈಗೆ ತಕ್ಕಂತೆ ಉಬ್ಬಿರುವುದರಿಂದ ದೊಡ್ಡ ಕೈಗೆ ಹಿತ. ತಂತಿ ಬೇಡವೆಂದು ಇನ್ನಷ್ಟು ಹಣ ಕೂಡಿಸಿ ಜಿ304 ತರುವವರು, ಅದು ಜಿ102ರದೇ ಅಚ್ಚಿನ ಮೈಯೆಂಬುದನ್ನೂ, ಒಳಗಿನ ಒಂದು ಎಎ ಬ್ಯಾಟರಿಯ ದೆಸೆಯಿಂದ ತೂಕ 99 ಗ್ರಾಂ ಆಗುವುದೆಂಬುದನ್ನೂ ತಿಳಿದಿರಲಿ. ಹುಬ್ಬಳ್ಳಿಗೆ ಹೋದಾಗ ಅಂಗಡಿಯಲ್ಲಿ ಕೈಯಿಟ್ಟು ನೋಡಿ ಕೊಳ್ಳು.

ಡಿಪಿಐ ಎಂಬ ಸಂಖ್ಯೆಯ ಮೇಲಣ ಭಕ್ತಿ ನನಗೆ ಅರ್ಥವಾಗದು. ಮೌಸು ಒಂದು ಅಂಗುಲ ಸರಿದಾಗ ಪರದೆಯ ಬಾಣ ಎಷ್ಟು ಹೆಜ್ಜೆ ಸರಿಯಬೇಕೆಂಬುದರ ಅಳತೆ ಅದು. ಪೆಟ್ಟಿಗೆಯ ಮೇಲೆ 6400, 8000, 12000 ಎಂದು ಅಚ್ಚಾದದ್ದು ಅದರ ಮೇಲ್ಮಿತಿಯೇ ಹೊರತು ಗುಣವಲ್ಲ. ಅದನ್ನು ಏರಿಸಿಕೊಂಡವನು ಮಣಿಕಟ್ಟನ್ನು ಬಿಗಿಹಿಡಿದು ಎಳ್ಳಷ್ಟೇ ಅಲುಗಿಸುತ್ತ ಕೂರಬೇಕಾಗುತ್ತದೆ. 800ರ ಆಸುಪಾಸಿಗೆ ಇಳಿಸಿ, ಅಗಲವಾದ ಪ್ಯಾಡಿನ ಮೇಲೆ ಮೊಣಕೈಯಿಂದ ಇಡೀ ತೋಳನ್ನೇ ಆಡಿಸಿದರೆ ಭಾರ ದೊಡ್ಡ ಸ್ನಾಯುಗಳಿಗೆ ಹಂಚಿಹೋಗುತ್ತದೆ. ಪೋಲಿಂಗ್ ರೇಟಿನ ಹುಚ್ಚೂ ಹಾಗೆಯೇ: 1000 ಹರ್ಟ್ಸ್ ಎಂದರೆ ಮಿಲಿಸೆಕೆಂಡಿಗೊಮ್ಮೆ ಮೌಸು ವರದಿ ಮಾಡುತ್ತದೆ, ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಸುಮಾರು 200 ಮಿಲಿಸೆಕೆಂಡುಗಳೇ ಬೇಕು.

ಇನ್ನು ನೋವು. ಎರಡು ತಿಂಗಳ ನೋವನ್ನು ಮೌಸಿನ ಲೆಕ್ಕಕ್ಕೆ ಬರೆದು ಸುಮ್ಮನಿರಬೇಡ. ಬೈಕಿನಿಂದ ಬಿದ್ದು ಕೈಯೂರಿದ್ದನ್ನು ಮನೆಯವರಿಂದ ಮುಚ್ಚಿಟ್ಟ ತರುಣರನ್ನು ಬೇಕಾದಷ್ಟು ನೋಡಿದ್ದೇನೆ. ಹೆಬ್ಬೆರಳಿನ ಬುಡದ ಹಿಂದಿನ ಕುಳಿಯಲ್ಲಿ ಒತ್ತಿದರೆ ನೋಯುವುದಾದರೆ ಅಲ್ಲಿಯ ಸ್ಕ್ಯಾಫಾಯ್ಡ್ ಎಂಬ ಕಿರುಮೂಳೆ ಬಿರುಕು ಬಿಟ್ಟಿರಬಹುದು. ಆ ಬಿರುಕು ಮೊದಲ ವಾರದ ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗುವುದುಂಟು, ಅಲಕ್ಷಿಸಿದರೆ ಮೂಳೆ ಕೂಡಿಕೊಳ್ಳದೆಯೂ ಉಳಿಯುವುದುಂಟು. ಆದಕಾರಣ ಎಕ್ಸ್‌ರೇ ಮೊದಲು, ಖರೀದಿ ಆಮೇಲೆ.

ಪ್ರಶ್ನೆ: ಡಾಕ್ಟರ್ ಸಾಹೇಬರೇ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ವಯಸ್ಸು 46. ನಡುರಾತ್ರಿ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ. ಕೈ ಕೊಡವಿದರೆ ಕಡಿಮೆಯಾಗುತ್ತದೆ. ಮಗ ನಾಲ್ಕು ಸಾವಿರದ ಗೇಮಿಂಗ್ ಮೌಸ್ ತಂದುಕೊಟ್ಟ, ಗುಣ ಕಾಣಲಿಲ್ಲ. ನರಕ್ಕೆ ಶಕ್ತಿ ಬರಲೆಂದು ಇಂಜೆಕ್ಷನ್ ಮಾಡಿಸಿದೆ. ಮೆಣಸಿನಕಾಯಿ ಕಾಸಿದ ಎಣ್ಣೆ ಹಚ್ಚಲು ಒಬ್ಬರು ಹೇಳಿದ್ದಾರೆ. ಇನ್ನೂ ಬೆಲೆಬಾಳುವ ಮೌಸ್ ತರಿಸಲೇ?

ಉತ್ತರ: ಬೇಡ, ಯಜಮಾನರೇ. ತಮ್ಮ ಪತ್ರದ ಮೂರು ಬೆರಳುಗಳೂ ಕೈ ಕೊಡವುವ ಅಭ್ಯಾಸವೂ ರೋಗವನ್ನು ಬಹುಮಟ್ಟಿಗೆ ಹೇಳಿಬಿಟ್ಟಿವೆ. ಮಣಿಕಟ್ಟಿನ ಎಲುಬುಗಳಿಗೂ ಅವುಗಳ ಮೇಲೆ ಬಿಗಿದ ದಪ್ಪ ಪಟ್ಟಿಗೂ ನಡುವೆ ಕಾರ್ಪಲ್ ಟನೆಲ್ ಎಂಬ ಇಕ್ಕಟ್ಟಾದ ಹಾದಿಯಿದ್ದು, ಬೆರಳುಗಳನ್ನು ಬಾಗಿಸುವ 9 ಸ್ನಾಯುರಜ್ಜುಗಳೊಡನೆ ಮೀಡಿಯನ್ ಎಂಬ ನರವೂ ಅದರೊಳಗೇ ಹಾಯಬೇಕಾಗಿರುವುದರಿಂದ, ಅಲ್ಲಿ ಕಿಂಚಿತ್ ಬಾವು ಬಂದರೂ ಮೊದಲು ನಲುಗುವುದು ನರವೇ. 2003ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಸಹಸ್ರಾರು ಕಂಪ್ಯೂಟರ್ ನೌಕರರನ್ನು ಒಂದು ವರ್ಷ ಗಮನಿಸಿ, ಕಂಪ್ಯೂಟರಿನ ಕೆಲಸ ಈ ರೋಗಕ್ಕೆ ದೊಡ್ಡ ಕಾರಣವಲ್ಲವೆಂದೂ, ವಾರಕ್ಕೆ 20 ತಾಸಿಗೆ ಮೀರಿ ಮೌಸು ಹಿಡಿದವರಲ್ಲಿ ಜೋಮಿನ ದೂರು ಹೆಚ್ಚಿತ್ತೆಂದೂ ಕಂಡುಕೊಂಡರು. ಮೌಸು ನಿರಪರಾಧಿಯೆಂದು ನಾನು ಹೇಳುತ್ತಿಲ್ಲ. ಆದರೆ ತಮ್ಮ ವಯಸ್ಸಿನವರಲ್ಲಿ ಅದರ ಹಿಂದೆ ಸಕ್ಕರೆ ಕಾಯಿಲೆಯೋ ಥೈರಾಯ್ಡ್ ದೋಷವೋ ಅಡಗಿರುವುದು ಬಹು ಸಾಮಾನ್ಯ.

ಇಂಜೆಕ್ಷನ್ನಿನ ವಿಷಯಕ್ಕೆ ಬಂದರೆ ನನ್ನ ತಾಳ್ಮೆ ತಪ್ಪುತ್ತದೆ. ಕೈ ಜೋಮು ಹಿಡಿದರೆ ನರದ ದೌರ್ಬಲ್ಯ, ನರದ ದೌರ್ಬಲ್ಯಕ್ಕೆ ಬಿ12 ಎಂಬ ಕೆಂಪು ಔಷಧಿಯ ಸೂಜಿ, ಎಂಬ ಸೂತ್ರ ನಮ್ಮ ಜಿಲ್ಲೆಯಲ್ಲಿ ಅದ್ಯಾವಾಗ ಬೇರುಬಿಟ್ಟಿತೋ ಕಾಣೆ. ಬಿ12 ಜೀವಸತ್ವದ ಕೊರತೆ ಸಸ್ಯಾಹಾರಿಗಳಲ್ಲಿಯೂ, ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ನುಂಗುವವರಲ್ಲಿಯೂ ನಿಶ್ಚಯವಾಗಿ ಉಂಟು. ಆದರೆ ಆ ಕೊರತೆಯ ಜೋಮು ಸಾಮಾನ್ಯವಾಗಿ ಎರಡೂ ಪಾದಗಳಿಂದ ಆರಂಭವಾಗುತ್ತದೆಯೇ ಹೊರತು ಬಲಗೈಯ ಮೂರೇ ಬೆರಳುಗಳನ್ನು ಆರಿಸಿಕೊಳ್ಳುವುದಿಲ್ಲ. ಮೇಲಾಗಿ, ಪರೀಕ್ಷಿಸದೆ ಸೂಜಿ ಹಾಕಿಸಿಕೊಂಡ ಮೇಲೆ ರಕ್ತದಲ್ಲಿ ಬಿ12 ಏರಿಯೇ ಇರುವುದರಿಂದ, ಮೊದಲು ಕೊರತೆ ಇತ್ತೋ ಇಲ್ಲವೋ ಎಂಬುದು ಯಾರಿಗೂ ತಿಳಿಯದೆ ಹೋಗುತ್ತದೆ. ರಕ್ತ ಮೊದಲು, ಸೂಜಿ ಆಮೇಲೆ. ಇದನ್ನು ಎಷ್ಟು ಸಲ ಹೇಳಬೇಕು?

ಮೆಣಸಿನಕಾಯಿ ಎಣ್ಣೆಯ ಸಲಹೆ ಕೊಟ್ಟವರಿಗೆ ತಮ್ಮೂರಿನ ಪದಾರ್ಥದ ಪರಿಚಯವೇ ಇದ್ದಂತಿಲ್ಲ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಪ್ರಸಿದ್ಧವೇ ಹೊರತು ಖಾರಕ್ಕಲ್ಲ. ಖಾರದ ಸತ್ವವಾದ ಕ್ಯಾಪ್ಸೈಸಿನ್ನನ್ನು ಶೇಕಡಾ 0.025ರಿಂದ 0.075ರಷ್ಟು ಅಳೆದು ಬೆರೆಸಿದ ಮುಲಾಮು ಔಷಧದ ಅಂಗಡಿಯಲ್ಲಿ ದೊರೆಯುತ್ತದೆ. ಕೆಲವು ಬಗೆಯ ನರನೋವುಗಳಿಗೆ ಅದರಿಂದ ಉಪಶಮನವೂ ಆಗುತ್ತದೆ. ಆದರೆ ಅಮುಕಿದ ನರವನ್ನು ಅದು ಬಿಡಿಸಲಾರದು. ಮನೆಯಲ್ಲಿ ಕಾಸಿದ ಎಣ್ಣೆಯಂತೂ ಸ್ಪರ್ಶಜ್ಞಾನ ಕುಂದಿದ ಕೈಯ ಮೇಲೆ ಬೊಬ್ಬೆಗಳನ್ನು ಎಬ್ಬಿಸುತ್ತದೆ.

ಸೋಮವಾರ ಗುರುವಾರಗಳ ಮೆಣಸಿನಕಾಯಿ ಟೆಂಡರಿನ ನೆಪ ಹೇಳದೆ ಈ ವಾರವೇ ಖಾಲಿ ಹೊಟ್ಟೆಯ ಸಕ್ಕರೆ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಥೈರಾಯ್ಡಿನ ಟಿಎಸ್‌ಎಚ್‌ಗಳನ್ನು ಮಾಡಿಸಿ. ಹುಬ್ಬಳ್ಳಿಯಲ್ಲಿಯೋ ದಾವಣಗೆರೆಯಲ್ಲಿಯೋ ನರವಾಹಕತೆಯ ಪರೀಕ್ಷೆಯೂ ಆಗಲಿ. ರಾತ್ರಿ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿ ಕಟ್ಟಿಕೊಂಡು ಮಲಗಿ. ಗಾದಿಯ ಮೇಲೆ ಕುಳಿತು, ದಪ್ಪನೆಯ ಖಾತೆ ಪುಸ್ತಕದ ಮೇಲೆ ಮೌಸನ್ನಿಟ್ಟು, ಪುಸ್ತಕದ ಅಂಚಿಗೆ ಮಣಿಕಟ್ಟನ್ನು ಒತ್ತಿ ಆಡಿಸುವ ಪದ್ಧತಿ ತಮ್ಮ ಅಂಗಡಿಯಲ್ಲಿಯೂ ಇದ್ದರೆ ಇಂದೇ ನಿಲ್ಲಿಸಿ. ಹಾಗೆ ಹಿಡಿದರೆ ನಾಲ್ಕು ಸಾವಿರದ ಮೌಸೂ ನಾಲ್ಕು ನೂರರ ಮೌಸೂ ಒಂದೇ. ಹೆಬ್ಬೆರಳಿನ ಬುಡದ ಮಾಂಸ ಇಳಿದಂತೆ ಕಂಡರೆ ಕಾಯಬೇಡಿ. ಆ ಹಂತಕ್ಕೂ ಸಣ್ಣದೊಂದು ಶಸ್ತ್ರಚಿಕಿತ್ಸೆಯಿದೆ, ಅಂಜಬೇಕಾಗಿಲ್ಲ.

ಪ್ರಶ್ನೆ: ಹಾವೇರಿಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಹೆರಿಗೆಯಾಗಿ ಐದು ತಿಂಗಳು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಚುಚ್ಚುವ ನೋವು. ಬದಿಯಲ್ಲಿ ಬಹಳ ಬಟನ್ ಇರುವ ಗೇಮಿಂಗ್ ಮೌಸ್ ಇದೆ. ವರ್ಟಿಕಲ್ ಮೌಸ್ ತೆಗೆದುಕೊಳ್ಳಲೇ?

ಉತ್ತರ: ತಂಗೀ, ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ, ಕೈಯನ್ನು ಮೆಲ್ಲನೆ ಕಿರುಬೆರಳಿನ ಕಡೆಗೆ ಬಾಗಿಸಿ ನೋಡಿ, ಚೀರುವಷ್ಟು ನೋವಾದರೆ ಇದು 1895ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಡಿ ಕ್ವೆರ್ವೇನ್ ವಿವರಿಸಿದ ಬೇನೆ. ಎಳೆಗೂಸಿನ ತಾಯಂದಿರಿಗೆ ಸರ್ವೇಸಾಮಾನ್ಯ, ಭಯಪಡಬೇಡಿ. ಕೂಸನ್ನು ಹೆಬ್ಬೆರಳು ಅಗಲಿಸಿ ಕಂಕುಳಲ್ಲಿ ಹಿಡಿದೆತ್ತದೆ, ಅಂಗೈಗಳನ್ನು ಕೆಳಗಿನಿಂದ ಕೊಟ್ಟು ಎತ್ತಿಕೊಳ್ಳಿ. ಹೆಬ್ಬೆರಳಿಗೆ ಹನ್ನೆರಡು ಬಟನ್ನುಗಳ ಚಾಕರಿ ಹಚ್ಚುವ ಮೌಸನ್ನು ಸದ್ಯ ಕಪಾಟಿನಲ್ಲಿಡಿ. ಲಾಜಿಟೆಕ್ ಲಿಫ್ಟ್‌ನಂತಹ ವರ್ಟಿಕಲ್ ಮೌಸು ಕೈಯನ್ನು 57 ಡಿಗ್ರಿ ಓರೆಯಾಗಿ ನಿಲ್ಲಿಸುವುದರಿಂದ ಮುಂಗೈಯ ತಿರುಚು ತಗ್ಗುತ್ತದೆ. ಆದರೂ ಅದನ್ನು ಹೆಬ್ಬೆರಳಿನಿಂದ ಅಮುಕಿ ಹಿಡಿದರೆ ಲಾಭವಿಲ್ಲ. ಬಾಣಂತನದ ಅನಂತರ ಥೈರಾಯ್ಡ್ ಕೆಡುವುದುಂಟಾದ್ದರಿಂದ ಟಿಎಸ್‌ಎಚ್ ಒಂದನ್ನು ಮಾಡಿಸಿಬಿಡಿ.

ಪ್ರಶ್ನೆ: ರಾಣೇಬೆನ್ನೂರಿನವಳು, ಎಡಚಿ. ಅಮ್ಮ ಬಲಗೈಯಲ್ಲೇ ಮೌಸ್ ಹಿಡಿ ಎನ್ನುತ್ತಾರೆ. ಎಡಗೈಯ ಕಿರುಬೆರಳು ಜೋಮು ಹಿಡಿಯುತ್ತದೆ.

ಉತ್ತರ: ಎಡಗೈಯಲ್ಲೇ ಹಿಡಿ, ಮಗಳೇ, ಅಮ್ಮನಿಗೆ ನಾನು ಹೇಳಿದೆನೆಂದು ಹೇಳು. ಜಿ102ರ ಮೈ ಎರಡೂ ಕೈಗೆ ಒಪ್ಪುತ್ತದೆ, ಬದಿಯ ಬಟನ್ನುಗಳು ಮಾತ್ರ ಬಲಗೈಯವರಿಗಾಗಿ ಇರುವಂಥವು. ಕಿರುಬೆರಳಿನ ಜೋಮು ಮೊಣಕೈಯಲ್ಲಿ ಹಾಯುವ ಅಲ್ನಾರ್ ನರದ್ದು. ಮೊಣಕೈಯನ್ನು ಮೇಜಿನ ಅಂಚಿಗೆ ಊರುವುದನ್ನು ಬಿಡು. ಮೂರು ವಾರದಲ್ಲಿ ಹೋಗದಿದ್ದರೆ ಪರೀಕ್ಷೆಗೆ ಬಾ.

ಪ್ರಶ್ನೆ: ಹಾವೇರಿಯ ಗೃಹಿಣಿ. ಪಿಯುಸಿ ಓದುವ ಮಗ ರಾತ್ರಿ ಮೂರರವರೆಗೆ ಆಡುತ್ತಾನೆ. ಕೈನೋವಿಗೆ ಹಗುರ ಮೌಸೇ ಪರಿಹಾರವೆಂದು ಹತ್ತು ಸಾವಿರಕ್ಕೂ ಮಿಕ್ಕಿದ್ದನ್ನು ಕೇಳುತ್ತಿದ್ದಾನೆ. ಕೊಡಿಸಬೇಕೇ?

ಉತ್ತರ: ತಾಯಿ, ಹಗುರವಾದದ್ದು ಕೈಗೆ ಹಿತವೆಂಬ ಮಾತು ಸುಳ್ಳಲ್ಲ, 63 ಗ್ರಾಂಗೂ ಕಡಿಮೆ ತೂಗುವ ಲಾಜಿಟೆಕ್ ಪ್ರೊ ಎಕ್ಸ್ ಸೂಪರ್‌ಲೈಟನ್ನು ಹಿಡಿದು ನಾನೇ ಬೆರಗಾಗಿದ್ದೇನೆ. ಆದರೆ ಅಷ್ಟು ಹಣ ತೆತ್ತು ಕೊಳ್ಳುವ ಸುಖ, ಎಂಟು ತಾಸಿನ ಆಟವನ್ನು ಹತ್ತು ತಾಸಿಗೆ ಎಳೆಯುವುದಕ್ಕಷ್ಟೇ ನೆರವಾಗುತ್ತದೆ. ಆಟದ ಮೇಲೆ ಹತೋಟಿ ತಪ್ಪಿ, ಊಟ ಓದುಗಳೆಲ್ಲ ಹಿಂದೆ ಬಿದ್ದು, ಹಾನಿ ಕಂಡರೂ ಬಿಡಲಾಗದ ಸ್ಥಿತಿಯು ವರ್ಷಕಾಲ ನಡೆದಲ್ಲಿ ಅದನ್ನು ವಿಶ್ವ ಆರೋಗ್ಯ ಸಂಸ್ಥೆಯು 2022ರ ಜನವರಿಯಿಂದ ಜಾರಿಗೆ ಬಂದ ತನ್ನ ರೋಗಪಟ್ಟಿಯಲ್ಲಿ ಕಾಯಿಲೆಯೆಂದೇ ಪರಿಗಣಿಸಿದೆ. ನಿಮ್ಮ ಮಗ ಅಲ್ಲಿಗೆ ಮುಟ್ಟಿದ್ದಾನೆಂದು ಪತ್ರ ನೋಡಿ ಹೇಳಲಾರೆ. ಬೈದು, ತಂತಿ ಕಿತ್ತು ಹಾಕಿ ಸಾಧಿಸುವಂಥದ್ದಂತೂ ಇದಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ದೂರವೇನಲ್ಲ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇಂಥದ್ದಕ್ಕೆಂದೇ ಶಟ್ ಎಂಬ ಚಿಕಿತ್ಸಾಲಯವಿದೆ; ಟೆಲಿ ಮಾನಸ್‌ನ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಮಾತಾಡಬಹುದು. ಮನೆಯ ಯಜಮಾನರು ಊಟದ ತಟ್ಟೆಯ ಮುಂದೆ ಮೊಬೈಲು ಹಿಡಿಯುತ್ತಾರೆಯೇ ಎಂಬುದನ್ನು ನೀವು ಬರೆದಿಲ್ಲ, ನಾನೂ ಕೇಳುವುದಿಲ್ಲ. ಹುಡುಗನ ಕಣ್ಣು, ಹಿಮೋಗ್ಲೋಬಿನ್, ಡಿ ಜೀವಸತ್ವ ಇವಿಷ್ಟನ್ನು ನೋಡಿಸಿ.

ಪ್ರಶ್ನೆ: ವೈರ್‌ಲೆಸ್ ಮೌಸಿನ ಕಿರಣಗಳಿಂದ ಕೈನರಗಳು ಸಾಯುತ್ತವೆಂದು ಕೇಳಿದ್ದೇನೆ. ನನ್ನ ಕೈಗೂ ಜೋಮು. ವಯಸ್ಸು 38, ಹಾವೇರಿ.

ಉತ್ತರ: ಸಾಯುವುದಿಲ್ಲ. ಅದರ ರೇಡಿಯೋ ತರಂಗಗಳು ಅತಿ ಕ್ಷೀಣವಾದವು, ಕಿವಿಗೊತ್ತಿಕೊಳ್ಳುವ ಮೊಬೈಲಿನವಕ್ಕಿಂತ ಎಷ್ಟೋ ಕಡಿಮೆ. ಕೈಗೆ ಭಾರವೆನಿಸಿದ್ದರೆ ಕ್ಷಾರೀಯ ಎಎ ಬ್ಯಾಟರಿಯ 23 ಗ್ರಾಂ ಅದಕ್ಕೆ ಕಾರಣವಿದ್ದೀತು. ಲಿಥಿಯಂ ಸೆಲ್ಲು ಹಾಕಿದರೆ ಸುಮಾರು 8 ಗ್ರಾಂ ಇಳಿಯುತ್ತದೆ. ಜೋಮು ಯಾವ ಬೆರಳಿಗೆ, ಯಾವ ಹೊತ್ತಿಗೆ ಎಂಬುದನ್ನು ಬರೆಯುವ ಗೋಜಿಗೇ ನೀವು ಹೋಗಿಲ್ಲ. ಬರುವ ಸೋಮವಾರ ಬೆಳಿಗ್ಗೆ ಚಹಾ ಕುಡಿಯದೆ ಬಂದು ಸಕ್ಕರೆಯ ಪರೀಕ್ಷೆಗೆ ರಕ್ತ ಕೊಟ್ಟುಹೋಗಿ.