ತಲೆಬುರುಡೆಯ ತಳದ ಎರಡು ಕಾಲುವೆಗಳು

ನಮ್ಮ ಚಿಕ್ಕೋಡಿ ಕಡೆ ವೇದಗಂಗಾ ದೂಧಗಂಗಾಕ್ಕೆ, ದೂಧಗಂಗಾ ಕೃಷ್ಣೆಗೆ ಸೇರ್ತದ. ಮಿದುಳಿನ ರಕ್ತಾನೂ ಹಿಂಗ ಕೂಡಿಕೊಂಡು ಹರಿದು, ತಲೆಬುರುಡೆಯ ತಳದ ಸಿಗ್ಮಾಯ್ಡ್ ಸೈನಸ್ ದಾಟಿ ಕುತ್ತಿಗೆಯ ಜುಗುಲರ್ ಸಿರೆಗೆ ಇಳಿಯುತ್ತದೆ. ಎಡಕ್ಕೊಂದು, ಬಲಕ್ಕೊಂದು ದಾರಿ. ಆದರೆ ಅಳತೆ ಒಂದೇ ಅಲ್ಲ. ಬಹಳ ಜನರಲ್ಲಿ ಬಲದ್ದೇ ದೊಡ್ಡದು.

ಹೇಗನ್-ಪಾಯ್ಸೆಲ್ ಸೂತ್ರ ನೆನಪಿದೆಯಲ್ಲ? ಉಳಿದದ್ದೆಲ್ಲ ಅಷ್ಟೇ ಇದ್ದು ಪೈಪಿನ ವ್ಯಾಸ ಅರ್ಧವಾದರೆ ಹರಿವು 1/16 ಆಗುತ್ತದೆ. ಸಿರೆ ಅಷ್ಟು ಸರಳ ಪೈಪ್ ಅಲ್ಲ, ಆದರೂ ಅಂದಾಜು ಸಿಗುತ್ತದೆ.

ಹುಟ್ಟಿನಿಂದಲೇ ಸಣ್ಣದಾದ ಸೈನಸ್ ಎಂಆರ್ ಸ್ಕ್ಯಾನಿನಲ್ಲಿ ರಕ್ತ ಹೆಪ್ಪುಗಟ್ಟಿದಂತೆ ಕಾಣಬಹುದು. ಕೆಲವರಲ್ಲಿ ಜುಗುಲರ್ ಬಲ್ಬ್ ಮಧ್ಯಕಿವಿಯವರೆಗೆ ಏರಿರುತ್ತದೆ. ನೋಡದೆ ಕೊರೆದರೆ ಭಾರಿ ರಕ್ತಸ್ರಾವ. ದೊಡ್ಡ ದಾರಿ ಮುಚ್ಚಿ, ಸಣ್ಣದಕ್ಕೆ ಆ ಹರಿವು ತಾಳದಿದ್ದರೆ ಮಿದುಳಿನ ಒತ್ತಡ ಏರುತ್ತದೆ. ಅದಕ್ಕೇ ಆಪರೇಷನ್‌ಗೆ ಮುಂಚೆ ಆ ರೋಗಿಯ ಸ್ಕ್ಯಾನನ್ನೇ, ಎರಡೂ ಕಡೆ, ನೋಡಬೇಕು. ಪುಸ್ತಕದ ಚಿತ್ರ ಸಾಲದು.