ಗುಲ್ಮಾರ್ಗ್‌ನಲ್ಲಿ ಸ್ಕೀ: ಇಳಿಯುವ ಮೊದಲು ಹಿಮದ ಒಳಪದರ ನೋಡಿ

ಗುಲ್ಮಾರ್ಗ್‌ಗೆ ಸ್ಕೀ ಕಲಿಯಲು ಹೋಗಿ ಕೆಳಗಿನ ಬಯಲಿನಲ್ಲೇ ಬಿದ್ದೇಳುವವರಿಗೆ ಈ ಲೇಖನ ಬೇಡ. ಎರಡನೇ ಹಂತದ ಗೊಂಡೊಲಾ ಹತ್ತಿ ಅಫರ್‌ವಟ್ ಬೆಟ್ಟದ ಮೇಲಕ್ಕೆ ಹೋಗಿ, ಸ್ಕೀ ಗಸ್ತುಪಡೆ ಕಾಯುವ ಗಡಿ ದಾಟಿ ಇಳಿಯುವವರು ಮಾತ್ರ ಓದಲೇಬೇಕು. 2023ರ ಫೆಬ್ರುವರಿ 1ರಂದು ಅಲ್ಲಿಯೇ ಹಿಮಕುಸಿತಕ್ಕೆ ಸಿಕ್ಕಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತರು.

ಹಿಮ ಎಲ್ಲಿಂದಲೋ ಬಂದು ಮೇಲೆ ಬೀಳುತ್ತದೆ ಎಂಬುದು ತಪ್ಪು ಕಲ್ಪನೆ. ಕುಸಿತಕ್ಕೆ ಸಿಕ್ಕುವ ಹೆಚ್ಚಿನ ಸ್ಕೀಯರ್‌ಗಳ ವಿಷಯದಲ್ಲಿ ಅದನ್ನು ಕೆಡವಿದ್ದು ಅವರದೇ ಭಾರ, ಇಲ್ಲವೇ ಜೊತೆಗಾರರದು. ಆದರೆ ಕುಸಿತಕ್ಕೆ ತಯಾರಿ ಚಳಿಗಾಲದ ಮೊದಲಲ್ಲೇ ಆಗಿರುತ್ತದೆ. ಆಗ ಹಿಮ ತೆಳು. ನೆಲದ ಉಷ್ಣತೆ ಸೊನ್ನೆಯ ಆಸುಪಾಸು, ಮೇಲೆ ಕೊರೆಯುವ ಚಳಿ. ಹಿಮದ ಆಳದಲ್ಲಿ ಪ್ರತಿ 10 ಸೆಂ.ಮೀ.ಗೆ 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಿದ್ದರೆ ಆವಿ ಮೇಲಕ್ಕೇರಿ, ತಳದ ಹಿಮ ಒಂದಕ್ಕೊಂದು ಅಂಟದ ಹರಳುಗಳಾಗುತ್ತದೆ. ಕೈಗವಸಿನಲ್ಲಿ ಹಿಡಿದು ಅದುಮಿ ನೋಡಿ, ಉಂಡೆ ಕಟ್ಟುವುದಿಲ್ಲ. ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಸುರಿಯುತ್ತದೆ. ಇದರ ಮೇಲೆ ಜನವರಿ, ಫೆಬ್ರುವರಿಯ ಗಟ್ಟಿ ಹಿಮ ಹಾಸಿಕೊಂಡರೆ ಒಳಗಿನ ಈ ದುರ್ಬಲ ಪದರ ಮೇಲ್ನೋಟಕ್ಕೆ ತಿಳಿಯದು.

ಹಿಂದಿನ ಸಂಜೆ: ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆಯ ಹಿಮಕುಸಿತ ಮುನ್ಸೂಚನೆ ನೋಡಿ. ಅಂತರರಾಷ್ಟ್ರೀಯ ಅಳತೆಯಲ್ಲಿ ಅಪಾಯಕ್ಕೆ 1ರಿಂದ 5 ಹಂತ. 3 ಎಂದರೆ ಮಧ್ಯದ್ದು ತಾನೆ ಎಂದು ಸಮಾಧಾನಪಡಬೇಡಿ. ಆ ಹಂತದಲ್ಲಿ ಹಿಮ ಕೆಡವಲು ಒಬ್ಬ ಸ್ಕೀಯರ್ ಸಾಕು.

ಇಳಿಜಾರು ಅಳೆಯಿರಿ: ಹೆಚ್ಚಿನ ಕುಸಿತಗಳು 30ರಿಂದ 45 ಡಿಗ್ರಿಯಲ್ಲಿ. ಸ್ಕೀಗೆ ಮಜಾ ಕೊಡುವುದೂ ಅದೇ ಇಳಿಜಾರು, ತೊಂದರೆ ಇರುವುದೇ ಅಲ್ಲಿ.

ಕಿವಿ, ಕಣ್ಣು ತೆರೆದಿಡಿ: ಕಾಲಡಿಯಲ್ಲಿ 'ಧುಮ್' ಎಂದು ಹಿಮ ಕುಸಿದ ಸದ್ದು, ಸ್ಕೀ ತುದಿಯಿಂದ ಸರ್ರನೆ ಓಡುವ ಬಿರುಕು, ಪಕ್ಕದ ಇಳಿಜಾರಿನಲ್ಲಿ ಹೊಸ ಕುಸಿತ. ಇವುಗಳಲ್ಲಿ ಒಂದು ಕಂಡರೂ ಹಿಂತಿರುಗಿ. ಬಂಡೆಗಳ ಸುತ್ತ ಹಿಮ ತೆಳುವಾಗಿರುವ ಜಾಗ ಸುರಕ್ಷಿತವಲ್ಲ. ನಿಮ್ಮ ಭಾರ ದುರ್ಬಲ ಪದರಕ್ಕೆ ಸುಲಭವಾಗಿ ಮುಟ್ಟುವುದು ಅಲ್ಲೇ.

ಗುಂಡಿ ತೋಡಿ: ನೀವು ಇಳಿಯಲಿರುವ ಇಳಿಜಾರಿನ ದಿಕ್ಕಿಗೇ ಮುಖಮಾಡಿದ, ಆದರೆ ಕುಸಿಯುವ ಭಯವಿಲ್ಲದ ಚಿಕ್ಕ ಜಾಗದಲ್ಲಿ 30 ಸೆಂ.ಮೀ. ಚೌಕದ ಹಿಮಕಂಬ ಬಿಡಿಸಿ. ಅದರ ತಲೆಯ ಮೇಲೆ ಸಲಿಕೆಯಿಟ್ಟು ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಸಲ ತಟ್ಟಿ. ಮೊದಲ ಹತ್ತರೊಳಗೆ ಪದರ ಕಳಚಿ ನುಣುಪಾಗಿ ಜಾರಿ ಬಂದರೆ ಯೋಚಿಸಬೇಡಿ, ಇಳಿಯಬೇಡಿ. ಕಳಚಲಿಲ್ಲ ಎಂದ ಮಾತ್ರಕ್ಕೆ ಪರವಾನಗಿ ಸಿಕ್ಕಂತಲ್ಲ. ಹತ್ತು ಹೆಜ್ಜೆ ಆಚೆ ಹಿಮ ಬೇರೆಯೇ ಇರಬಹುದು.

ಒಬ್ಬೊಬ್ಬರಾಗಿ ಇಳಿಯಿರಿ: ಉಳಿದವರು ಸುರಕ್ಷಿತ ಜಾಗದಿಂದ ಕಣ್ಣು ತೆಗೆಯದೆ ನೋಡಲಿ.

ಪ್ರತಿಯೊಬ್ಬರ ಬಳಿಯೂ ಹೂತವರನ್ನು ಪತ್ತೆಹಚ್ಚಲು ಸಂಕೇತ ಕಳಿಸುವ ಬೀಕನ್, ಉದ್ದನೆಯ ಶೋಧನಾ ಕೋಲು, ಸಲಿಕೆ ಇರಬೇಕು. ಹೂತುಹೋದವರು ಬದುಕುವ ಸಾಧ್ಯತೆ 10-15 ನಿಮಿಷ ಕಳೆಯುತ್ತಲೇ ತೀರಾ ಇಳಿಯುತ್ತದೆ. ಅಷ್ಟರೊಳಗೆ ಕೆಳಗಿನಿಂದ ಯಾರೂ ಬಂದು ಮುಟ್ಟಲಾರರು, ಅಗೆಯಬೇಕಾದವರು ಜೊತೆಗಿದ್ದವರೇ. ಮೊಬೈಲನ್ನು ಬೀಕನ್‌ನಿಂದ ಕನಿಷ್ಠ 20 ಸೆಂ.ಮೀ., ಹುಡುಕುವಾಗ 50 ಸೆಂ.ಮೀ. ದೂರವಿಡಿ. ಬಾಡಿಗೆ ಬೀಕನ್ ಆದರೆ ಅಂಗಡಿಯಲ್ಲೇ ಆನ್ ಮಾಡಿಸಿ, ಬ್ಯಾಟರಿ ನೋಡಿಕೊಂಡು ತನ್ನಿ.